ಅಜ್ಜಿಯ ಕುಕೀ ನನ್ನ ಓವನ್‌ನಲ್ಲಿ ಹರಡಿಹೋಗುವುದೇಕೆ?

ಪ್ರಶ್ನೆ: ನಮ್ಮ ಅಜ್ಜಿಯ ಹಳೆಯ ನೋಟ್‌ಪುಸ್ತಕದಲ್ಲಿ ಬೆಣ್ಣೆ ಕುಕೀ ಮಾಡುವ ವಿಧಾನ ಕೆಲವೇ ಸಾಲುಗಳಲ್ಲಿದೆ. ಎರಡು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಬೆಣ್ಣೆ, ಒಂದು ಮೊಟ್ಟೆ, ಒಂದು ಚಮಚ ಸೋಡಾ, ಚಿಟಿಕೆ ಉಪ್ಪು. ಬೆಣ್ಣೆ ಸಕ್ಕರೆಯನ್ನು ಚೆನ್ನಾಗಿ ಗೊಟಾಯಿಸಿ, ಉಳಿದದ್ದನ್ನು ಸೇರಿಸಿ, ಉಂಡೆ ಕಟ್ಟಿ, ಹದವಾದ ಬಿಸಿಯಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸುವುದು ಎಂದಷ್ಟೇ ಬರೆದಿದ್ದಾರೆ. ಅಜ್ಜಿ ಮಾಡುತ್ತಿದ್ದ ಕುಕೀ ದಪ್ಪಗಿದ್ದು, ಬಾಯಿಗೆ ಹಾಕಿದರೆ ಪುಡಿಯಾಗಿ ಕರಗುತ್ತಿತ್ತು. ಅದೇ ಅಳತೆಯಲ್ಲಿ ನಾನು ಮಾಡಿದರೆ ಉಂಡೆಗಳು ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಚು ಕಪ್ಪಾಗುತ್ತದೆ, ನಡುಭಾಗ ಮೆತ್ತಗೇ ಉಳಿಯುತ್ತದೆ, ಆರಿದ ಮೇಲೆ ಕಲ್ಲಿನಷ್ಟು ಗಟ್ಟಿ. ಸಾಬೂನಿನಂಥ ಒಗರು ಬೇರೆ. ಅಂಚು ಸುಡಬಾರದೆಂದು ಉಷ್ಣತೆಯನ್ನು 150 ಡಿಗ್ರಿಗೆ ಇಳಿಸಿದೆ, ಇನ್ನಷ್ಟು ಹರಡಿತು. ಈಗಿನ ಬೆಣ್ಣೆಯೇ ಸರಿಯಿಲ್ಲ ಎನ್ನುತ್ತಾರೆ ಅಮ್ಮ. ವಿದ್ಯುತ್ ಓವನ್‌ನಲ್ಲಿ ಆ ರುಚಿ ಬರುವುದಿಲ್ಲ ಎನ್ನುತ್ತಾರೆ ದೊಡ್ಡಮ್ಮ. ಸೋಡಾ ಹೆಚ್ಚಿಸು, ಉಬ್ಬುತ್ತದೆ ಎನ್ನುತ್ತಾಳೆ ಗೆಳತಿ. ಸಕ್ಕರೆ ತಗ್ಗಿಸಿ, ಅರ್ಧದಷ್ಟು ಗೋಧಿ ಹಿಟ್ಟು ಹಾಕಬೇಕೆಂಬ ಆಸೆಯೂ ನನಗಿದೆ. ತಪ್ಪಿರುವುದು ಅಜ್ಜಿಯ ಅಳತೆಯಲ್ಲೋ, ನನ್ನ ಕೈಯಲ್ಲೋ?

ಉತ್ತರ: ಎರಡರಲ್ಲೂ ತಪ್ಪಿಲ್ಲ ಎಂಬುದು ನನ್ನ ಅನಿಸಿಕೆ. ಅಜ್ಜಿ ಅದನ್ನು ಬರೆದದ್ದು ನಿಮಗಾಗಿ ಅಲ್ಲ, ತಮಗಾಗಿ. ಕೈಗೆ ಗೊತ್ತಿದ್ದುದನ್ನು ಕಾಗದಕ್ಕೆ ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ಬೇಕಿಂಗ್ ಕಲಿಸುವ ನನ್ನ ಬಳಿಗೆ ಇಂಥ ಹಳೆಯ ಹಾಳೆಗಳನ್ನು ಹಿಡಿದು ಬರುವವರು ಬಹಳ. ಬಹುತೇಕ ಎಲ್ಲರ ಮನಸ್ಸಿನಲ್ಲೂ ನೀವು ಬಾಯಿಬಿಟ್ಟು ಕೇಳದ ಇನ್ನೊಂದು ಅನುಮಾನ ಇರುತ್ತದೆ: ಅಜ್ಜಿ ಯಾವುದೋ ಒಂದು ಸಾಮಗ್ರಿಯನ್ನು ಬಚ್ಚಿಟ್ಟರೇ? ಹಾಗೆ ಬಚ್ಚಿಟ್ಟ ಪ್ರಸಂಗ ನಾನು ಕಂಡದ್ದು ತೀರಾ ಅಪರೂಪ. ಸಾಮಗ್ರಿಗಳೆಲ್ಲ ಹಾಳೆಯ ಮೇಲೇ ಇರುತ್ತವೆ. ಇಲ್ಲದಿರುವುದು ಅವುಗಳ ತೂಕ, ಉಷ್ಣತೆ ಮತ್ತು ರೂಪ. ನಿಮ್ಮ ಕುಕೀಯ ಲಕ್ಷಣಗಳನ್ನು ನೀವು ಎಷ್ಟು ಚೆನ್ನಾಗಿ ವಿವರಿಸಿದ್ದೀರೆಂದರೆ, ಈ ಮೂರನ್ನೂ ಸಾಕಷ್ಟು ಮಟ್ಟಿಗೆ ಊಹಿಸಬಹುದು.

ಮೊದಲು ಮನೆಯವರ ವಾದಗಳನ್ನು ನೋಡೋಣ.

ಬೆಣ್ಣೆಯ ಮೇಲಿನ ಆರೋಪ ಹಳೆಯದು, ಅಷ್ಟೇ ದುರ್ಬಲ. ಸಾಮಾನ್ಯ ಬೆಣ್ಣೆಯಲ್ಲಿ ಸುಮಾರು 80 ಶೇಕಡಾ ಕೊಬ್ಬು, 16ರಿಂದ 18 ಶೇಕಡಾ ನೀರು, ಉಳಿದದ್ದು ಹಾಲಿನ ಘನಾಂಶ. ಕೆಲವು ಬೆಣ್ಣೆಗಳಲ್ಲಿ ಕೊಬ್ಬು 82 ಶೇಕಡಾ ದಾಟಬಹುದು. ಈ ಎರಡು ಮೂರು ಶೇಕಡಾ ವ್ಯತ್ಯಾಸದಿಂದ ದಪ್ಪ ಕುಕೀ ತೆಳ್ಳನೆಯ ಹಾಳೆ ಆಗುವುದಿಲ್ಲ. ಆದರೆ ಪೊಟ್ಟಣವನ್ನೊಮ್ಮೆ ಓದಿ. ಬ್ರೆಡ್ಡಿಗೆ ಸವರಲೆಂದು ಮಾರುವ ಬೆಣ್ಣೆಯಂಥ ವಸ್ತುಗಳಲ್ಲಿ ಕೊಬ್ಬು ಅರ್ಧಕ್ಕಿಂತಲೂ ಕಡಿಮೆ ಇರಬಹುದು, ಉಳಿದದ್ದೆಲ್ಲ ಬಹುಪಾಲು ನೀರು. ನೀವು ಬಳಸಿದ್ದು ಅದಾಗಿದ್ದರೆ ಅಮ್ಮನ ಮಾತಿನಲ್ಲಿ ಹುರುಳಿದೆ. ಇನ್ನೊಂದು ವಿಚಾರವನ್ನೂ ಹಿರಿಯರ ಬಳಿ ಕೇಳಿ: ಅಜ್ಜಿ ‘ಬೆಣ್ಣೆ’ ಎಂದು ಬರೆದು ಮಾರ್ಗರೀನನ್ನೋ ಗಟ್ಟಿ ಮಾಡಿದ ಸಸ್ಯಜನ್ಯ ಕೊಬ್ಬನ್ನೋ ಬಳಸುತ್ತಿದ್ದರೇ? ಒಂದು ಕಾಲದಲ್ಲಿ ಅನೇಕ ಮನೆಗಳಲ್ಲಿ ಅದು ಮಾಮೂಲಾಗಿತ್ತು. ಅಂಥ ಕೊಬ್ಬು ಬೆಣ್ಣೆಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುವುದರಿಂದ ಕುಕೀ ಕಡಿಮೆ ಹರಡುತ್ತದೆ. ಪರಿಮಳ ಮಾತ್ರ ಬೆಣ್ಣೆಯದಲ್ಲ. ನಿಮ್ಮ ನೆನಪಿನಲ್ಲಿ ಬೆಣ್ಣೆಯ ಘಮ ಇದ್ದರೆ ಈ ಊಹೆಯನ್ನು ಬಿಟ್ಟುಬಿಡಿ.

ವಿದ್ಯುತ್ ಓವನ್‌ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಸಿ ಎಲ್ಲಿಂದ ಬಂತು ಎಂಬುದು ಹಿಟ್ಟಿಗೆ ತಿಳಿಯುವುದಿಲ್ಲ, ಎಷ್ಟು ಬಂತು ಎಂಬುದಷ್ಟೇ ತಿಳಿಯುತ್ತದೆ.

ಗೆಳತಿಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಸೋಡಾ ಹೆಚ್ಚಿಸಿದರೆ ಕುಕೀ ಉಬ್ಬುತ್ತದೆ ಎಂಬುದು ಅರ್ಧ ಸತ್ಯ. ಮೊದಲು ಉಬ್ಬುತ್ತದೆ, ಆಮೇಲೆ ಕುಸಿದು ಇನ್ನೂ ಅಗಲವಾಗುತ್ತದೆ. ಹೇಗೆಂದು ಅರಿಯಲು ಓವನ್ ಒಳಗೆ ಉಂಡೆಗೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಂದರೆ ಓವನ್‌ಗೆ ಹೋದ ಕೆಲವೇ ನಿಮಿಷಗಳಲ್ಲಿ ಉಂಡೆಯನ್ನು ಹಿಡಿದಿಟ್ಟಿದ್ದ ಕೊಬ್ಬು ದ್ರವವಾಗುತ್ತದೆ. ಬಿಸಿಯೇರಿದಂತೆ ಸಕ್ಕರೆ ಹಿಟ್ಟಿನಲ್ಲಿರುವ ನೀರಿನಲ್ಲಿ ಕರಗಿ ಪಾಕವಾಗಿ ಮಿಶ್ರಣವನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಸೋಡಾ ಬಿಡುವ ಇಂಗಾಲದ ಡೈಆಕ್ಸೈಡ್ ಅದನ್ನು ಒಳಗಿನಿಂದ ತಳ್ಳುತ್ತದೆ. ಈ ಮೂರೂ ಸೇರಿ ಉಂಡೆಯನ್ನು ಅಗಲಿಸುತ್ತಿರುವಾಗಲೇ ಮೊಟ್ಟೆಯ ಮತ್ತು ಹಿಟ್ಟಿನ ಪ್ರೋಟೀನು ಗಟ್ಟಿಯಾಗತೊಡಗುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಹರಡುವಿಕೆ ನಿಲ್ಲುತ್ತದೆ. ಕುಕೀಯ ದಪ್ಪ ನಿರ್ಧಾರವಾಗುವುದು ಈ ಕರಗುವಿಕೆಗೂ ಗಟ್ಟಿಯಾಗುವಿಕೆಗೂ ನಡುವಿನ ಕೆಲವು ನಿಮಿಷಗಳಲ್ಲಿ. ಹಿಟ್ಟು ಕಡಿಮೆಯಿದ್ದರೆ, ಬೆಣ್ಣೆ ಮೊದಲೇ ಮೆದುವಾಗಿದ್ದರೆ, ಸಕ್ಕರೆ ಅತಿಯಾಗಿದ್ದರೆ, ಓವನ್ ತಣ್ಣಗಿದ್ದರೆ ಆ ಅವಧಿ ಉದ್ದವಾಗುತ್ತದೆ. 150 ಡಿಗ್ರಿಗೆ ಇಳಿಸಿದಾಗ ನಿಮಗಾದದ್ದು ಇದೇ. ಕರಗಲು ಬೇಕಾದ ಬಿಸಿ ಸಿಕ್ಕಿತು, ಬೇಗ ಗಟ್ಟಿಯಾಗಲು ಬೇಕಾದ ಬಿಸಿ ಸಿಗಲಿಲ್ಲ.

ಈಗ ಕಪ್‌ಗೆ ಬರುತ್ತೇನೆ. ನನ್ನ ಮೊದಲ ಶಂಕೆ ಇರುವುದೇ ಅಲ್ಲಿ.

ಮೈದಾವನ್ನು ಕಪ್‌ನಿಂದ ಅಳೆಯುವುದು ಅಳತೆಯೇ ಅಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಮೊದಲ ಸಲ ನಂಬುವುದಿಲ್ಲ. ಜರಡಿ ಹಿಡಿದ ಅಥವಾ ಕಲಕಿ ಸಡಿಲಗೊಳಿಸಿದ ಹಿಟ್ಟನ್ನು ಚಮಚದಿಂದ ಕಪ್‌ಗೆ ಉದುರಿಸಿ ಮೇಲ್ಭಾಗ ಸಮ ಮಾಡಿದರೆ ಒಂದು ಕಪ್‌ಗೆ ಸುಮಾರು 120 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಎರಡು ಕಪ್‌ಗೆ 60 ಗ್ರಾಂ ವ್ಯತ್ಯಾಸ, ಅಂದರೆ ಕಾಲು ಭಾಗ ಹೆಚ್ಚು. ಬೆಣ್ಣೆ ಹಾಗಲ್ಲ, ಒಂದು ಕಪ್ ಬೆಣ್ಣೆ ಒತ್ತಿ ತುಂಬಿದರೆ ಹೆಚ್ಚುಕಡಿಮೆ 225 ಗ್ರಾಂ. ನೀವು ಈಗಿನ ರೂಢಿಯಂತೆ ಜರಡಿ ಹಿಡಿದು ಅಳೆದಿದ್ದರೆ 240 ಗ್ರಾಂ ಮೈದಾಕ್ಕೆ 225 ಗ್ರಾಂ ಬೆಣ್ಣೆ ಬಿದ್ದಿದೆ. ಹಿಟ್ಟಿನಷ್ಟೇ ಬೆಣ್ಣೆ ಇರುವ ಉಂಡೆ ಹರಡದೆ ಇನ್ನೇನು ಮಾಡೀತು? ಅಜ್ಜಿ ಡಬ್ಬಿಯಿಂದ ನೇರವಾಗಿ ತುಂಬಿ ತೆಗೆಯುತ್ತಿದ್ದರೆ ಅವರದು 300 ಗ್ರಾಂ ಆಗಿರುತ್ತದೆ. ಹಾಳೆಯ ಮೇಲೆ ಎರಡೂ ‘ಎರಡು ಕಪ್’.

ಕಪ್‌ನ ಗಾತ್ರವೂ ಒಂದೇ ಅಲ್ಲ. ಅಮೆರಿಕದ ಅಳತೆಯ ಕಪ್ ಸುಮಾರು 237 ಮಿಲಿ ಲೀಟರ್, ಮೆಟ್ರಿಕ್ ಕಪ್ 250. ಅಜ್ಜಿಯದು ಎರಡೂ ಆಗಿರದೆ ಚಹಾ ಕುಡಿಯುವ ಕಪ್ ಆಗಿದ್ದರೆ 150ರಿಂದ 180 ಮಿಲಿ ಲೀಟರ್ ಇದ್ದೀತು. ಎಲ್ಲವನ್ನೂ ಅದೇ ಕಪ್‌ನಲ್ಲಿ ಅಳೆದರೆ ಅನುಪಾತ ಬದಲಾಗದು, ಹಾಗಾಗಿ ಗಾತ್ರ ಮುಖ್ಯವಲ್ಲ ಎಂದು ಕೆಲವರು ವಾದಿಸುತ್ತಾರೆ. ಮೊಟ್ಟೆಯನ್ನು ಅವರು ಮರೆತಿರುತ್ತಾರೆ. ಮೊಟ್ಟೆ ಕಪ್‌ನಿಂದ ಅಳೆಯುವ ವಸ್ತುವಲ್ಲ. ಕಪ್ ಚಿಕ್ಕದಾದಂತೆ ಅದರ ಪಾಲು ದೊಡ್ಡದಾಗುತ್ತದೆ. ದೊಡ್ಡ ಗಾತ್ರದ ಮೊಟ್ಟೆಯೊಂದು ಸಿಪ್ಪೆ ಬಿಟ್ಟು 50 ಗ್ರಾಂ ತೂಗಿದರೆ ಅದರಲ್ಲಿ ಬಿಳಿಭಾಗ 30 ಗ್ರಾಂನಷ್ಟು, ಹಳದಿ 18ರಿಂದ 20. ಚಿಕ್ಕ ಮೊಟ್ಟೆ 40 ಗ್ರಾಂ ಕೂಡ ಇರಬಹುದು. ಮೊಟ್ಟೆಯ ಪ್ರೋಟೀನು ಕುಕೀಯನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ, ಅದರ ನೀರು ಮೆದುವಾಗಿಸುತ್ತದೆ. ಎರಡರ ಲೆಕ್ಕವೂ ಇಲ್ಲಿ ಏರುಪೇರಾಗುತ್ತದೆ.

ಅಜ್ಜಿಯ ಕಪ್ ಮತ್ತು ಚಮಚ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ನಿಮಗೆ ಅದೃಷ್ಟವಿದೆ. ಕಪ್ಪನ್ನು ಅಡುಗೆ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟು ಮಿಲಿ ಲೀಟರ್. ಚಮಚಕ್ಕೂ ಹೀಗೆಯೇ ಮಾಡಿ. ಈಗಿನ ಅಳತೆಯ ಟೀ ಚಮಚ 5 ಮಿಲಿ ಲೀಟರ್. ಊಟದ ಮೇಜಿನ ಹಳೆಯ ಚಿಕ್ಕ ಚಮಚಗಳು ಅದಕ್ಕಿಂತ ಕಡಿಮೆ ಹಿಡಿಯುವುದನ್ನು ನಾನು ಹಲವು ಸಲ ನೋಡಿದ್ದೇನೆ. ಮೇಲಾಗಿ ಅಜ್ಜಿಯ ಚಮಚ ತಲೆಸವರಿದ್ದೋ ಗೋಪುರದಂತೆ ಏರಿದ್ದೋ ಎಂಬುದನ್ನು ಯಾರಾದರೂ ಕಂಡಿದ್ದರೆ ಕೇಳಿ.

ಚಮಚದ ಮಾತು ಬಂದದ್ದರಿಂದ ಸೋಡಾ ವಿಚಾರವನ್ನು ಇಲ್ಲೇ ಮುಗಿಸುತ್ತೇನೆ. ಸಾಬೂನಿನ ಒಗರು ಇರುವಲ್ಲಿ ಕ್ಷಾರ ಹೆಚ್ಚಾಗಿದೆ ಎಂದೇ ಅರ್ಥ. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, ಆಮ್ಲ ಸಿಕ್ಕರೆ ಕೂಡಲೇ ಅನಿಲ ಬಿಡುತ್ತದೆ. ಸಿಗದಿದ್ದರೆ ಸುಮಾರು 80 ಡಿಗ್ರಿ ದಾಟಿದ ಮೇಲೆ ಬಿಸಿಯಿಂದಲೇ ಒಡೆದು ಅನಿಲ ಬಿಡುತ್ತದೆ, ಜೊತೆಗೆ ಸೋಡಿಯಂ ಕಾರ್ಬೊನೇಟನ್ನು ಉಳಿಸುತ್ತದೆ. ನಾಲಗೆಗೆ ತಾಗುವ ಒಗರು ಅದೇ. ಬಿಳಿ ಸಕ್ಕರೆ, ಬೆಣ್ಣೆ, ಮೊಟ್ಟೆ, ಮೈದಾ ಇಷ್ಟೇ ಇರುವ ನಿಮ್ಮ ಮಿಶ್ರಣದಲ್ಲಿ ಸೋಡಾ ಜೊತೆ ಕೂಡಲು ಹೇಳಿಕೊಳ್ಳುವಂಥ ಆಮ್ಲವೇ ಇಲ್ಲ. ಆಮ್ಲ ಇದ್ದಾಗಲೂ ನಾವು ಒಂದು ಕಪ್ ಹಿಟ್ಟಿಗೆ ಕಾಲು ಟೀ ಚಮಚ ಸೋಡಾ ಎಂಬ ಲೆಕ್ಕ ಇಟ್ಟುಕೊಳ್ಳುತ್ತೇವೆ. ಎರಡು ಕಪ್‌ಗೆ ಅರ್ಧ ಚಮಚ. ಹಾಳೆಯಲ್ಲಿರುವುದು ಅದರ ಎರಡರಷ್ಟು. ಕ್ಷಾರ ಹೆಚ್ಚಾದಾಗ ಹಿಟ್ಟಿನ ಬಂಧ ಸಡಿಲವಾಗಿ ಹರಡುವುದು ಹೆಚ್ಚುತ್ತದೆ, ಕಂದು ಬಣ್ಣ ಬೇಗ ಬರುತ್ತದೆ. ನಡುಭಾಗ ಬೇಯುವ ಮೊದಲೇ ಅಂಚು ಕಪ್ಪಾಗುವುದಕ್ಕೆ ಅರ್ಧ ಕಾರಣ ಸಿಕ್ಕಿತಲ್ಲ.

ಹಾಗಾದರೆ ಅಜ್ಜಿಯ ಕುಕೀ ಒಗರಾಗಿರಲಿಲ್ಲವೇಕೆ? ಸಾಧ್ಯತೆಗಳು ಹಲವು. ಚಮಚ ಚಿಕ್ಕದಿರಬಹುದು. ಸಕ್ಕರೆ ಕಾಕಂಬಿಯ ಅಂಶವಿರುವ ಕಂದು ಬಣ್ಣದ್ದಾಗಿರಬಹುದು. ಅದರಲ್ಲಿ ಸ್ವಲ್ಪ ಆಮ್ಲ ಇರುತ್ತದೆ. ಅಥವಾ ಅವರು ಬೇಕಿಂಗ್ ಪೌಡರ್ ಬಳಸುತ್ತಾ ರೂಢಿಯ ಮಾತಿನಲ್ಲಿ ‘ಸೋಡಾ’ ಎಂದು ಬರೆದಿರಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಕೊನೆಯದು, ಏಕೆಂದರೆ ಎರಡು ಕಪ್ ಹಿಟ್ಟಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಎಂದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಬೇಕಿಂಗ್ ಪೌಡರ್ ಎಂದರೆ ಸೋಡಾ, ಅದಕ್ಕೆ ತಕ್ಕ ಒಣ ಆಮ್ಲ ಮತ್ತು ಪಿಷ್ಟದ ಮಿಶ್ರಣ. ಅದರ ಬಲ ಸೋಡಾದ ಮೂರನೇ ಒಂದು ಭಾಗದಷ್ಟು.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ಹಳೆಯ ಕುಕೀ ವಿಧಾನಗಳಲ್ಲಿ ಅಮೋನಿಯಂ ಬೈಕಾರ್ಬೊನೇಟ್ ಎಂಬ ಬಿಳಿ ಪುಡಿಯೂ ಇರುತ್ತಿತ್ತು. ಅದು ಬಿಸಿಗೆ ಒಡೆದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಪೂರ್ತಿ ಹಾರಿಹೋಗುತ್ತದೆ, ಒಗರು ಉಳಿಸುವುದಿಲ್ಲ. ಬೇಯುವಾಗ ಮಾತ್ರ ಮೂಗು ಸುಡುವ ವಾಸನೆ. ಅಜ್ಜಿ ಓವನ್ ಬಾಗಿಲು ತೆರೆದಾಗ ಎಲ್ಲರೂ ದೂರ ಓಡುತ್ತಿದ್ದಿರಾ ಎಂದು ಅಮ್ಮ ಮತ್ತು ದೊಡ್ಡಮ್ಮನನ್ನು ಕೇಳಿ. ಹೌದು ಎಂದರೂ ಅದನ್ನು ಹುಡುಕಿಕೊಂಡು ಹೋಗಬೇಡಿ ಎಂಬುದೇ ನನ್ನ ಸಲಹೆ. ತೆಳ್ಳಗಿನ ಒಣ ಕುಕೀಗಳಿಗಷ್ಟೇ ಅದು ಹೊಂದುತ್ತದೆ. ದಪ್ಪ ಕುಕೀಯೊಳಗೆ ವಾಸನೆ ಸಿಕ್ಕಿಕೊಳ್ಳುತ್ತದೆ. ಬೇಯುವಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚು ಉಂಟಾಗುವುದಕ್ಕೂ ಅದು ಕಾರಣವಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಮಾತು ಬೇರೆಯೇ ಇದೆ: ‘ಪುಡಿಯಾಗಿ ಕರಗುತ್ತಿತ್ತು’. ಹರಳು ಸಕ್ಕರೆ 200 ಗ್ರಾಂ ಹಾಕಿದ ಕುಕೀ ಪುಡಿಯಾಗಿ ಕರಗುವುದಿಲ್ಲ. ಕರಗಿದ ಸಕ್ಕರೆ ಆರುವಾಗ ಗಾಜಿನಂತೆ ಬಿಗಿದು ಕುಕೀಯನ್ನು ಗರಿಗರಿಯಾಗಿಯೋ ಗಟ್ಟಿಯಾಗಿಯೋ ಮಾಡುತ್ತದೆ. ನಿಮಗೆ ಸಿಗುತ್ತಿರುವುದು ಅದೇ. ಪುಡಿಯಾಗುವ, ಕರಗುವ ಗುಣ ಬರುವುದು ಬೆಣ್ಣೆ ಹೆಚ್ಚಿದ್ದು ಸಕ್ಕರೆ ಕಡಿಮೆಯಿದ್ದಾಗ. ಶಾರ್ಟ್‌ಬ್ರೆಡ್ ಎಂಬ ಜಾತಿಯ ಕುಕೀಗೆ ತೂಕದಲ್ಲಿ ಮೂರು ಪಾಲು ಹಿಟ್ಟು, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ಎಂಬ ಹಳೆಯ ಲೆಕ್ಕವಿದೆ. ಈಗ ಅಜ್ಜಿಯ ‘ಒಂದು ಕಪ್ ಸಕ್ಕರೆ’ ಹರಳಲ್ಲ, ಪುಡಿ ಮಾಡಿದ್ದು ಎಂದುಕೊಳ್ಳಿ. ಒಂದು ಕಪ್ ಪುಡಿ ಸಕ್ಕರೆ ತೂಗುವುದು 200 ಗ್ರಾಂ ಅಲ್ಲ, ಸುಮಾರು 120 ಗ್ರಾಂ. ಒತ್ತಿ ತುಂಬಿದ ಮೈದಾ 300, ಬೆಣ್ಣೆ 225, ಪುಡಿ ಸಕ್ಕರೆ 120. ಮೂರು, ಎರಡು, ಒಂದರ ಲೆಕ್ಕಕ್ಕೆ ಎಷ್ಟು ಹತ್ತಿರ ಬಂತು ನೋಡಿ! ಖಚಿತವಾಗಿ ಹೀಗೇ ಇತ್ತು ಎಂದು ಹೇಳಲು ಅಜ್ಜಿಯೇ ಬರಬೇಕು. ಆದರೆ ನೀವು ವರ್ಣಿಸಿದ ಕುಕೀಗೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ನನಗೆ ತೋರುತ್ತಿಲ್ಲ. ಅಜ್ಜಿ ಸಕ್ಕರೆಯನ್ನು ಕುಟ್ಟಿಯೋ ಬೀಸಿಯೋ ಹಾಕುತ್ತಿದ್ದರೇ ಎಂಬ ಪ್ರಶ್ನೆಯನ್ನು ಮನೆಯ ಹಿರಿಯರ ಮುಂದೆ ಮೊದಲು ಇಡಿ.

ಬೆಣ್ಣೆಯ ಉಷ್ಣತೆ ಮುಂದಿನದು. ಗೊಟಾಯಿಸುವಾಗ ಸಕ್ಕರೆಯ ಕಣಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸಿಕ್ಕಿಸುತ್ತವೆ. ಸೋಡಾ, ಬೇಕಿಂಗ್ ಪೌಡರ್‌ಗಳು ಹೊಸ ಗುಳ್ಳೆಗಳನ್ನು ಸೃಷ್ಟಿಸುವುದಿಲ್ಲ, ಇರುವ ಗುಳ್ಳೆಗಳನ್ನೇ ಹಿಗ್ಗಿಸುತ್ತವೆ. ಇದಕ್ಕೆ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಬೇಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಮೆತ್ತಬಾರದು, ಮೇಲ್ಮೈ ಹೊಳೆಯಬಾರದು. ‘ಕೋಣೆಯ ಉಷ್ಣತೆಗೆ ಬಂದ ಬೆಣ್ಣೆ’ ಎಂಬ ಸೂಚನೆ ತಂಪು ಕೋಣೆಗಳಲ್ಲಿ ಹುಟ್ಟಿದ್ದು. 30 ಡಿಗ್ರಿಯ ಅಡುಗೆಮನೆಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಬೆಣ್ಣೆ ಅರ್ಧ ಕರಗಿಯೇ ಇರುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆ ಗಾಳಿಯನ್ನು ಮೊದಲಿನಂತೆ ಹಿಡಿಯುವುದಿಲ್ಲ. ಅಜ್ಜಿ ಮರದ ಚಮಚದಿಂದ ಕೈಯಲ್ಲಿ ಗೊಟಾಯಿಸಿರುತ್ತಾರೆ. ನೀವು ವಿದ್ಯುತ್ ಬೀಟರ್ ಬಳಸುತ್ತಿದ್ದರೆ ಅದರ ತಿಕ್ಕಾಟದ ಬಿಸಿಯೂ ಸೇರುತ್ತದೆ, ಗಾಳಿಯೂ ಅತಿಯಾಗಿ ತುಂಬುತ್ತದೆ. ಆ ಗಾಳಿ ಓವನ್‌ನಲ್ಲಿ ಕುಕೀಯನ್ನು ಉಬ್ಬಿಸಿ ಕುಸಿಯುವಂತೆ ಮಾಡುತ್ತದೆ. ಕೇಕ್‌ಗೆ ಬೇಕಾದಷ್ಟು ನೊರೆ ಕುಕೀಗೆ ಬೇಡ. ಮಧ್ಯಮ ವೇಗದಲ್ಲಿ ಎರಡು ನಿಮಿಷ ಸಾಕು.

ಓವನ್ ಬಗ್ಗೆ. ಉಷ್ಣತೆಯನ್ನು ತಾನಾಗಿ ನಿಯಂತ್ರಿಸುವ ಸಾಧನ ಇಲ್ಲದ ಕಾಲದ ಬರಹಗಳಲ್ಲಿ ‘ಹದವಾದ ಬಿಸಿ’ ಎಂದರೆ ಸಾಮಾನ್ಯವಾಗಿ 175ರಿಂದ 190 ಡಿಗ್ರಿ. ನೀವು 180ಕ್ಕೆ ಇಡಿ. ಒಳಗೆ ಫ್ಯಾನ್ ತಿರುಗುವ ಓವನ್ ಆದರೆ 160. ಓವನ್‌ನ ಮುಂಭಾಗದ ಗುಂಡಿ ತೋರಿಸುವ ಅಂಕೆಯನ್ನು ನಂಬಬೇಡಿ. ಮನೆಯ ಓವನ್‌ಗಳು 10-15 ಡಿಗ್ರಿ ಆಚೀಚೆ ಇರುವುದು ಸಾಮಾನ್ಯ, ಅದಕ್ಕಿಂತ ಹೆಚ್ಚು ತಪ್ಪುವುದೂ ಉಂಟು. ಒಳಗೆ ತೂಗುಹಾಕುವ ಸಣ್ಣ ಓವನ್ ಥರ್ಮಾಮೀಟರ್ ಕೊಂಡರೆ ಬಹಳಷ್ಟು ಗೊಂದಲ ಅಲ್ಲಿಗೇ ಮುಗಿಯುತ್ತದೆ. ಓವನ್ ಬಿಸಿಯಾಯಿತೆಂದು ಸೂಚಿಸುವ ದೀಪ ಆರಿದ ಕೂಡಲೇ ಒಳಗಿಡದೆ ಇನ್ನೂ 10-15 ನಿಮಿಷ ಕಾಯಿರಿ. ಗಾಳಿ ಬಿಸಿಯಾಗಿದ್ದರೂ ಗೋಡೆಗಳು ಬಿಸಿಯಾಗಿರುವುದಿಲ್ಲ, ಬಾಗಿಲು ತೆರೆದ ಕ್ಷಣ ಬಿಸಿ ಸೋರಿಹೋಗುತ್ತದೆ. ತಟ್ಟೆ ಕಪ್ಪು ಬಣ್ಣದ್ದೂ ತೆಳುವಾದದ್ದೂ ಆಗಿದ್ದರೆ ಅಡಿಭಾಗ ಮತ್ತು ಅಂಚು ಬೇಗ ಸುಡುತ್ತವೆ. ತಟ್ಟೆಗೆ ಬೆಣ್ಣೆ ಸವರುವ ಅಭ್ಯಾಸವಿದ್ದರೆ ಬಿಡಿ. ಜಾರುವ ತಳದ ಮೇಲೆ ಹಿಟ್ಟು ಇನ್ನೂ ಸುಲಭವಾಗಿ ಹರಡುತ್ತದೆ. ಬೇಕಿಂಗ್ ಕಾಗದ ಹಾಸಿ. ಎರಡನೇ ಸುತ್ತಿನ ಉಂಡೆಗಳನ್ನು ಬಿಸಿ ತಟ್ಟೆಯ ಮೇಲೆ ಇಡಲೇಬೇಡಿ, ಓವನ್ ಸೇರುವ ಮೊದಲೇ ಕರಗಲು ಶುರುವಾಗುತ್ತವೆ.

ಇನ್ನು ಮಾಡಬೇಕಾದದ್ದು. ಎರಡು ಪ್ರಯೋಗ ಮಾಡಿ. ಎರಡಕ್ಕೂ ಹಿಟ್ಟು, ಬೆಣ್ಣೆ, ಮೊಟ್ಟೆ ಒಂದೇ. ಸಕ್ಕರೆ ಮಾತ್ರ ಬೇರೆ. ಒಂದೇ ಸಲ ನಾಲ್ಕು ವಿಷಯ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಎಂದಿಗೂ ಗೊತ್ತಾಗುವುದಿಲ್ಲ.

ಮೊದಲನೆಯದಕ್ಕೆ ಮೈದಾ 300 ಗ್ರಾಂ, ಉಪ್ಪಿಲ್ಲದ ಬೆಣ್ಣೆ 225 ಗ್ರಾಂ, ಪುಡಿ ಸಕ್ಕರೆ 120 ಗ್ರಾಂ, ಒಂದು ಮೊಟ್ಟೆ, ತಲೆಸವರಿದ ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು. ಬೆಣ್ಣೆ ಉಪ್ಪಿನದ್ದಾದರೆ ಬೇರೆ ಉಪ್ಪು ಬೇಡ. ಬೆಣ್ಣೆ ಸಕ್ಕರೆ ಗೊಟಾಯಿಸಿ ಮೊಟ್ಟೆ ಸೇರಿಸಿ, ಕೊನೆಗೆ ಹಿಟ್ಟು ಹಾಕಿ, ಒಣ ಹಿಟ್ಟು ಕಾಣದಾದ ತಕ್ಷಣ ಕೈ ನಿಲ್ಲಿಸಿ. ಇನ್ನೂ ನಾದಿದರೆ ಗ್ಲುಟೆನ್, ಅಂದರೆ ಹಿಟ್ಟನ್ನು ಬಿಗಿಯುವ ಅಂಟು ಪ್ರೋಟೀನಿನ ಎಳೆಗಳು ಬೆಳೆದು ಕುಕೀ ಬಿರುಸಾಗುತ್ತದೆ. ತಲಾ 25 ಗ್ರಾಂನ ಉಂಡೆ ಕಟ್ಟಿ, ತುಸು ಚಪ್ಪಟೆ ಮಾಡಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಇದರಿಂದ ಬೆಣ್ಣೆ ಗಟ್ಟಿಯಾಗುತ್ತದೆ, ಹಿಟ್ಟು ತೇವವನ್ನು ಹೀರಿಕೊಳ್ಳುತ್ತದೆ. ರಾತ್ರಿಯಿಡೀ ಇಟ್ಟರೆ ರುಚಿಯೂ ಬಣ್ಣವೂ ಇನ್ನಷ್ಟು ಚೆನ್ನಾಗಿ ಬರುತ್ತವೆ.

ಮೊದಲು ಎರಡೇ ಉಂಡೆ ಬೇಯಿಸಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆತುರದಲ್ಲಿ ಎಲ್ಲರೂ ತಟ್ಟೆ ತುಂಬ ಇಟ್ಟುಬಿಡುತ್ತಾರೆ. 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಕಾದೀತು. ಅಂಚು ತಿಳಿಯಾದ ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಒತ್ತಿದರೆ ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಿರಿ. ಕುಕೀ ಗಟ್ಟಿಯಾಗುವುದು ಆರುವಾಗ. ಒಳಗೇ ಗಟ್ಟಿಯಾಗಲಿ ಎಂದು ಕಾದರೆ ತಣ್ಣಗಾದ ಮೇಲೆ ಹಲ್ಲಿಗೆ ಕೆಲಸ. ಈ ಎರಡು ಕುಕೀ ಅತಿಯಾಗಿ ಹರಡಿದರೆ ಉಳಿದ ಮಿಶ್ರಣಕ್ಕೆ 15 ಗ್ರಾಂ ಮೈದಾ ಸೇರಿಸಿ ಮತ್ತೆರಡು ಬೇಯಿಸಿ. ಕೊಂಚವೂ ಹರಡದೆ ಒಣಗಿದಂತಿದ್ದರೆ ಮುಂದಿನ ಸಲ ಮೈದಾವನ್ನು 270 ಗ್ರಾಂಗೆ ಇಳಿಸಿ. ನಿಮ್ಮ ಮನೆಯ ಮೈದಾ ಎಷ್ಟು ನೀರು ಹೀರುತ್ತದೆ ಎಂಬುದು ಅದರ ಪ್ರೋಟೀನು ಪ್ರಮಾಣದ ಮೇಲೆ ನಿಂತಿದೆ. ಆ ಕೊನೆಯ 30 ಗ್ರಾಂಗಳನ್ನು ದೂರದಿಂದ ಯಾರೂ ಹೇಳಲಾರರು.

ಎರಡನೆಯ ಪ್ರಯೋಗದಲ್ಲಿ ಪುಡಿ ಸಕ್ಕರೆಯ ಬದಲು ಹರಳು ಸಕ್ಕರೆ 200 ಗ್ರಾಂ ಹಾಕಿ, ಉಳಿದದ್ದೆಲ್ಲ ಹಾಗೇ ಇರಲಿ. ಇದು ಗರಿಗರಿಯಾದ, ಬಣ್ಣ ಹೆಚ್ಚಿರುವ, ಇನ್ನೂ ಸ್ವಲ್ಪ ತೆಳ್ಳಗಿನ ಕುಕೀ ಆಗುತ್ತದೆ. ಅಮ್ಮ ಮತ್ತು ದೊಡ್ಡಮ್ಮನಿಗೆ ಎರಡನ್ನೂ ಕೊಡಿ, ಯಾವುದು ಯಾವುದೆಂದು ಹೇಳಬೇಡಿ. ಬೇಯಿಸಿದ ದಿನ ಅಲ್ಲ, ಮುಚ್ಚಿದ ಡಬ್ಬಿಯಲ್ಲಿಟ್ಟು ಮರುದಿನ ಕೊಡಿ. ಮಕ್ಕಳಾಗಿದ್ದಾಗ ನಾವು ತಿಂದದ್ದು ಹೆಚ್ಚಾಗಿ ಓವನ್‌ನಿಂದ ಆಗತಾನೇ ಬಂದದ್ದನ್ನಲ್ಲ, ಡಬ್ಬಿಯಿಂದ ತೆಗೆದದ್ದನ್ನು. ಬೆಣ್ಣೆ ಕುಕೀಯ ರುಚಿ ಒಂದು ದಿನ ಕೂತ ಮೇಲೆ ಬೇರೆಯೇ ಆಗುತ್ತದೆ. ‘ಅಜ್ಜಿಯದರಂತಿಲ್ಲ’ ಎಂಬ ತೀರ್ಪು ಬಿಸಿ ಕುಕೀಗೆ ಸಿಕ್ಕಿದ್ದಾದರೆ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಕ್ಕರೆ ತಗ್ಗಿಸುವ ನಿಮ್ಮ ಆಸೆ ಮೊದಲ ಪ್ರಯೋಗದಲ್ಲೇ ಈಡೇರುತ್ತದೆ. ಅಲ್ಲಿಂದಲೂ ಇಳಿಸಬೇಕೆಂದರೆ 100 ಗ್ರಾಂವರೆಗೆ ಹೋಗಬಹುದು, ಅದರ ಕೆಳಗೆ ಬೇಡ. ಸಕ್ಕರೆ ಸಿಹಿಗಷ್ಟೇ ಇರುವುದಲ್ಲ. ತೇವವನ್ನು ಹಿಡಿದಿಡುವುದು, ಗ್ಲುಟೆನ್ ಬಿಗಿಯಾಗದಂತೆ ತಡೆಯುವುದು, ಬಣ್ಣ ಕೊಡುವುದು ಎಲ್ಲ ಅದರ ಕೆಲಸ. ತೀರಾ ಕಡಿಮೆಯಾದರೆ ಕುಕೀ ಬಿಳಿಚಿಕೊಂಡು ಒಣ ಹಿಟ್ಟಿನ ರುಚಿ ಕೊಡುತ್ತದೆ. ಹರಳು ಸಕ್ಕರೆಯ ಕುಕೀ ಇಷ್ಟವಾದರೆ 200ರಿಂದ 160 ಗ್ರಾಂವರೆಗೆ ಇಳಿಸುವುದರಲ್ಲಿ ಅಪಾಯವಿಲ್ಲ.

ಗೋಧಿ ಹಿಟ್ಟು ಅರ್ಧಕ್ಕರ್ಧ ಎಂದರೆ ನನ್ನ ಒಪ್ಪಿಗೆ ಇಲ್ಲ. ಹೊಟ್ಟು ಹೆಚ್ಚು ನೀರು ಹೀರುತ್ತದೆ, ಕುಕೀ ಒರಟಾಗುತ್ತದೆ. ಕರಗುವ ಗುಣ ಮೊದಲು ಹೋಗುತ್ತದೆ. ಕಾಲು ಭಾಗ, ಅಂದರೆ 75 ಗ್ರಾಂ ಬದಲಿಸಿ, ಮಿಶ್ರಣವನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಹೊಟ್ಟು ಮೆದುವಾಗಿ ಹಿತವಾದ ಹುರಿದ ಪರಿಮಳ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಗೋಧಿ ಹಿಟ್ಟಿಗೆಂದೇ ರೂಪಿಸಿದ ಬೇರೆ ವಿಧಾನ ಹಿಡಿಯಿರಿ. ಅಜ್ಜಿಯ ಕುಕೀಯನ್ನು ಮೊದಲು ಮರಳಿ ಪಡೆಯಿರಿ, ತಿದ್ದುಪಡಿ ಆಮೇಲೆ.

ಮೊಟ್ಟೆ ತಿನ್ನದವರಿಗಾಗಿ ಮಾಡುವುದಾದರೆ ಪುಡಿ ಸಕ್ಕರೆಯ ವಿಧಾನ ಸುಲಭ. ಮೊಟ್ಟೆ ಬಿಟ್ಟು, ಹಿಟ್ಟು ಒಗ್ಗೂಡುವಷ್ಟು ತಣ್ಣನೆಯ ಹಾಲನ್ನು ಒಂದೊಂದೇ ಚಮಚ ಸೇರಿಸಿ.

ಕೆಲವು ಎಚ್ಚರಿಕೆಗಳು. ಹಸಿ ಹಿಟ್ಟಿನ ರುಚಿ ನೋಡುವ ಅಭ್ಯಾಸ ಬಿಡಿ, ಮಕ್ಕಳಿಗಂತೂ ಕೊಡಬೇಡಿ. ಅಪಾಯ ಮೊಟ್ಟೆಯಲ್ಲಿ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಮೈದಾ ಕೂಡ ಹಸಿ ಪದಾರ್ಥವೇ, ಬೀಸುವಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. 2016ರಲ್ಲಿ ಅಮೆರಿಕದಲ್ಲಿ ಹರಡಿದ ಇ. ಕೋಲಿ ಸೋಂಕಿನ ಮೂಲ ಮೈದಾ ಎಂದು ಪತ್ತೆಯಾಗಿತ್ತು. ಕಲಸಿದ ಹಿಟ್ಟನ್ನು ಫ್ರಿಜ್‌ನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಉಂಡೆ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ, ಹೆಪ್ಪುಗಟ್ಟಿದ ಉಂಡೆಯನ್ನೇ ನೇರವಾಗಿ ಬೇಯಿಸಬಹುದು, ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಕಪ್ಪಾದ ಅಂಚನ್ನು ‘ಗರಿಗರಿಯಾಗಿದೆ’ ಎಂದು ತಿನ್ನುವುದು ಬೇಡ. ನಾನು ಮೇಲೆ ಹೇಳಿದ ಅಕ್ರಿಲಮೈಡ್ ಬಣ್ಣ ಗಾಢವಾದಂತೆ ಹೆಚ್ಚುತ್ತದೆ. ಪೂರ್ತಿ ಆರುವ ಮೊದಲೇ ಡಬ್ಬಿ ಮುಚ್ಚಿದರೆ ಒಳಗಿನ ಆವಿಯೇ ಕುಕೀಯನ್ನು ಮೆತ್ತಗೆ ಮಾಡುತ್ತದೆ.

ನೀವು ಎತ್ತರದ ಬೆಟ್ಟ ಪ್ರದೇಶದಲ್ಲಿದ್ದರೆ ಹೇಳಿ, ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅನಿಲ ಹೆಚ್ಚು ಹಿಗ್ಗುತ್ತದೆ, ಬೇಕಿಂಗ್ ಪೌಡರ್ ತಗ್ಗಿಸಿ ಉಷ್ಣತೆಯನ್ನು 8-10 ಡಿಗ್ರಿ ಏರಿಸಬೇಕಾಗುತ್ತದೆ.

ಹೊಸ ತೂಕಗಳನ್ನು ಬೇರೆ ಹಾಳೆಯಲ್ಲಿ ಬರೆದು ಅಜ್ಜಿಯ ಹಾಳೆಯ ಜೊತೆಗಿಡಿ. ಮೂಲದ ಮೇಲೆ ಗೀಚಬೇಡಿ. ಎರಡೂ ಪ್ರಯೋಗಗಳ ನಂತರವೂ ಹಿರಿಯರು ತಲೆ ಅಲ್ಲಾಡಿಸಿದರೆ ಮತ್ತೆ ಬರೆಯಿರಿ. ಆಗ ನನಗೆ ಬೇಕಾದ ವಿವರಗಳು ಇವು: ಅಜ್ಜಿಯ ಕಪ್ ಸಿಕ್ಕಿದರೆ ಅದು ಹಿಡಿಯುವ ನೀರಿನ ತೂಕ, ಓವನ್ ಥರ್ಮಾಮೀಟರ್ ತೋರಿಸಿದ ಅಂಕೆ, ಎರಡರಲ್ಲಿ ಯಾವ ಕುಕೀ ಹತ್ತಿರ ಬಂತು, ಅದರಲ್ಲಿ ಏನು ಕೊರತೆ ಎಂದರು. ಜೊತೆಗೆ ಕುಕೀಯನ್ನು ನಡುವೆ ಮುರಿದು ಒಳಭಾಗದ ಒಂದು ಚಿತ್ರ ತೆಗೆದು ಕಳುಹಿಸಿ.